ಹಸೆಗೋಡೆಯ ಕೆಳಗೊಂದು ಸಾಲು

ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಪರಮೇಶನ ಅಂಗಡಿ ಎಲ್ಲಿ ಎಂದು ಕೇಳಿದರೆ ಕಡಲೆಕಾಯಿ ಮಾರುವವರೂ ಕೈ ಚಾಚಿ ತೋರಿಸುತ್ತಿದ್ದರು. ಬೈಕಿನ ನಂಬರ್ ಪ್ಲೇಟು, ಲಾರಿಯ ಬೆನ್ನಿಗೆ ಅಂಟಿಸುವ ರೇಡಿಯಂ ಹೂಬಳ್ಳಿ, ಟ್ರ್ಯಾಕ್ಟರಿನ ಮೂತಿಯ ಮೇಲೆ ಮಕ್ಕಳ ಹೆಸರು, ಅಂಗಡಿಗಳ ಬೋರ್ಡು, ಎಲ್ಲದರಲ್ಲೂ ಅವನ ಕೈ ಪಳಗಿತ್ತು. ಹೈಸ್ಕೂಲಿನಲ್ಲಿದ್ದಾಗಲೇ ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿದ್ದ. ಅಂಗಡಿಯ ನೆತ್ತಿಯ ಮೇಲೆ ‘ಆರ್ಟಿಸ್ಟ್ ಪರಮೇಶ್’ ಎಂದು ತಾನೇ ಬರೆದುಕೊಂಡಿದ್ದ. ಊರಿನವರು ಹೆಸರು ಬಿಟ್ಟು ಬರೀ ‘ಆರ್ಟಿಸ್ಟು’ ಎಂದೇ ಕರೆಯುತ್ತಿದ್ದರು. ಆ ಕರೆಗೆ ಓಗೊಡುವಾಗ ಅವನ ಕತ್ತು ತಾನಾಗಿಯೇ ಒಂದಿಷ್ಟು ನೆಟ್ಟಗಾಗುತ್ತಿತ್ತು.

ದೀಪಾವಳಿ ಮುಗಿದ ವಾರ ಪ್ರಜ್ಞಾ ಎಂಬ ಹುಡುಗಿ ಅವನ ಮನೆ ಹುಡುಕಿಕೊಂಡು ಬಂದಳು. ಚಿತ್ರಕಲೆ ಓದಿದವಳು. ತರೀಕೆರೆಯ ಹಳೇ ಸಂತೆ ಬೀದಿಯ ಗೋಡೆಗಳಿಗೆಲ್ಲ ಚಿತ್ರ ಬರೆಸಿ, ಕಂಬಳಿ ನೇಯುವವರು, ಬುಟ್ಟಿ ಹೆಣೆಯುವವರು, ಮಡಕೆ ಮಾಡುವವರನ್ನು ಅಲ್ಲಿ ಕೂರಿಸಿ, ಜನ ನೋಡಲು ಬರುವಂಥ ಬೀದಿ ಮಾಡಬೇಕೆಂದು ಗೆಳೆಯರ ಗುಂಪು ಕಟ್ಟಿಕೊಂಡು ಓಡಾಡುತ್ತಿದ್ದಳು. ಕಡೂರಿನಲ್ಲಿ ಯಾರೋ ಪರಮೇಶನ ಹೆಸರು ಹೇಳಿದ್ದರು. ಅಂಗಡಿಗೆ ರಜೆಯ ದಿನವಾದ್ದರಿಂದ ನೇರ ಮನೆಗೇ ಬಂದಿದ್ದಳು.

ಹುಡುಗಿ ಬಾಗಿಲ ಹತ್ತಿರವೇ ನಿಂತುಬಿಟ್ಟಳು. ಹೊಸಿಲಿನ ಎರಡೂ ಪಕ್ಕದ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಸುಣ್ಣದಲ್ಲಿ ಗೆರೆ, ಚುಕ್ಕಿ, ಬಾಳೆಕಂಬ, ಹಕ್ಕಿಗಳನ್ನು ಬರೆದದ್ದಿತ್ತು.

“ಸರ್, ಇದು ಯಾರು ಬರೆದಿದ್ದು?”

“ಅದಾ? ನಮ್ಮನೆಯವ್ಳು ಹಬ್ಬಕ್ಕೆ ಅಂತ ಗೀಚಿದ್ದು ಕಣಮ್ಮ. ಒಳಗ್ ಬನ್ನಿ, ನನ್ನ ಆಲ್ಬಂ ತೋರಿಸ್ತೀನಿ.”

ಒಳಗೆ ಬಂದು ಕೂತು ಆಲ್ಬಂ ತಿರುವಿದಳು ನಿಜ. ಆದರೆ ಅವಳ ಕಣ್ಣು ಮತ್ತೆ ಮತ್ತೆ ಹೊಸಿಲಿನ ಕಡೆಗೇ ಹೋಗುತ್ತಿತ್ತು. ಪರಮೇಶನ ಹೆಂಡತಿ ಅನಿತಾ ಕಾಫಿ ತಂದಿಟ್ಟಾಗ ಪ್ರಜ್ಞಾ ಲೋಟ ಮುಟ್ಟದೆ ಕೇಳಿದಳು, “ಅಕ್ಕ, ಇದನ್ನ ಯಾರ ಹತ್ರ ಕಲಿತ್ರಿ?”

“ನಮ್ಮವ್ವನ ಹತ್ರ. ನಮ್ಮೂರು ಶಿವನಿಯಲ್ಲಿ ಯಾರ ಮನೆ ಮದುವೆ ಆದ್ರೂ ಗೋಡೆಗೆ ಹಸೆ ಬರ್ಯೋಕೆ ನಮ್ಮವ್ವನ್ನೇ ಕರೀತಿದ್ರು. ನಾನು ಸುಣ್ಣದ ಬಟ್ಲು ಹಿಡ್ಕೊಂಡು ಜೊತೇಲಿ ಹೋಗ್ತಿದ್ದೆ.”

“ಇದನ್ನೇ ಒಂದು ದೊಡ್ಡ ಗೋಡೆ ಮೇಲೆ ಬರೀತೀರಾ?”

ಪರಮೇಶ ಗಟ್ಟಿಯಾಗಿ ನಕ್ಕ. “ಇವ್ಳಾ? ಏಣಿ ಹತ್ತಿದ್ರೆ ತಲೆ ತಿರುಗುತ್ತೆ ಇವ್ಳಿಗೆ.”

“ಹತ್ತೀನಿ,” ಎಂದಳು ಅನಿತಾ. ಗಂಡನ ಮುಖ ನೋಡದೆಯೇ ಅಂದಳು.

ಹೊರಡುವಾಗ ಪ್ರಜ್ಞಾ ಪರಮೇಶನಿಗೆ ಕೈಮುಗಿದು, “ನಿಮ್ಮ ಅಕ್ಷರ ತುಂಬಾ ಚೆನ್ನಾಗಿದೆ ಸರ್. ಬೇಕಾದಾಗ ಫೋನ್ ಮಾಡ್ತೀನಿ,” ಎಂದಳು. ಆ ಫೋನು ಬರಲೇ ಇಲ್ಲ.

ಅನಿತಾ ಬೆಳಿಗ್ಗೆ ಅಡುಗೆ ಮುಗಿಸಿ, ಬೀರೂರಿನ ಮೇಲೆ ಹೋಗುವ ಬಸ್ಸು ಹಿಡಿದು ತರೀಕೆರೆಗೆ ಹೋಗಿ ಬರತೊಡಗಿದಳು. ಎರಡು ದಿನ ಏಣಿ ಹತ್ತಿ ಇಳಿದರೆ ಸೊಂಟ ಹಿಡಿದು ತಾನೇ ಮನೆಯಲ್ಲಿ ಕೂರುತ್ತಾಳೆ ಎಂದು ಪರಮೇಶ ಎಣಿಸಿದ್ದ. ಅವಳು ಕೂರಲಿಲ್ಲ. ಸಂಜೆ ಉಗುರ ಸಂದಿಯಲ್ಲಿ ಕೆಮ್ಮಣ್ಣು ತುಂಬಿಕೊಂಡು ಬರುತ್ತಿದ್ದಳು. ಊಟಕ್ಕೆ ಕೂತರೆ ಮಾತೋ ಮಾತು. ಇವತ್ತು ಗೋಡೆ ಒಣಗಲೇ ಇಲ್ಲವಂತೆ, ಸಿದ್ದೇಶ್ ಅನ್ನುವ ಹುಡುಗ ಏಣಿ ಹಿಡಿದುಕೊಂಡಿದ್ದನಂತೆ, ಪಕ್ಕದ ಗೋಡೆ ಬರೆಯುವವರು ಇವಳ ಗೆರೆ ನೋಡಿ ತಮ್ಮ ಕೆಲಸ ಬಿಟ್ಟು ನಿಂತರಂತೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಊಟದ ಹೊತ್ತಿನ ಮಾತೆಲ್ಲ ಪರಮೇಶನದೇ ಆಗಿತ್ತು, ಅವಳು ಹೂಂಗುಟ್ಟುವವಳು. ಈಗ ಹೂಂಗುಟ್ಟುವ ಸರದಿ ತನ್ನದಾಯಿತಲ್ಲ ಎಂದು ಅವನು ತಟ್ಟೆಯಲ್ಲಿ ತಪ್ಪು ಹುಡುಕುತ್ತಿದ್ದ.

“ಸಾರಿಗೆ ಉಪ್ಪು ಜಾಸ್ತಿ ಆಗೈತೆ,” ಎನ್ನುತ್ತಿದ್ದ. “ಗ್ಯಾನ ಎಲ್ಲೋ ಇಟ್ಕೊಂಡು ಅಡಿಗೆ ಮಾಡಿದ್ರೆ ಹಿಂಗೇ ಆಗೋದು.”

ಅವಳು ರುಚಿ ನೋಡಿ, “ಸರಿಯಾಗೇ ಐತಲ್ರೀ,” ಎನ್ನುತ್ತಿದ್ದಳು. ಸರಿಯಾಗಿಯೇ ಇರುತ್ತಿತ್ತು.

ಪಕ್ಕದ ಅಂಗಡಿಯ ಅಜ್ಮತ್ ಬೈಕಿನ ಸೀಟ್ ಕವರ್ ಹೊಲಿಯುವವನು. ಒಂದು ಮಧ್ಯಾಹ್ನ ಫೋನು ಹಿಡಿದುಕೊಂಡು ಓಡಿಬಂದ. “ಪರ್ಮೇಶಣ್ಣ, ನೋಡಿಲ್ಲಿ, ಭಾಬಿ ವಿಡಿಯೋ! ನನ್ ಮಗ್ಳು ಸೂಫಿಯಾ ಕಳ್ಸಿದ್ಳು. ಎಷ್ಟ್ ಜನ ನೋಡವ್ರೆ ಗೊತ್ತಾ?”

ಅನಿತಾ ಏಣಿಯ ಮೇಲೆ ಕೂತು, ಕಡ್ಡಿಗೆ ಬಟ್ಟೆ ಸುತ್ತಿ ಮಾಡಿಕೊಂಡ ಕುಂಚದಿಂದ ಒಂದೇ ಉಸಿರಿಗೆ ಉದ್ದ ಗೆರೆ ಎಳೆಯುತ್ತಿದ್ದಳು. ಕೆಳಗಿನಿಂದ ಯಾರೋ ಏನೋ ಅಂದರು. ಅವಳು ತಲೆ ಹಿಂದಕ್ಕೆ ಎಸೆದು ನಕ್ಕಳು. ಆ ನಗು ಪರಮೇಶನಿಗೆ ಹೊಸದು. ಅದನ್ನು ಬಿಡಿ, ಗೆರೆ ಎಳೆಯುವಾಗ ಅವಳ ಕೈ ನಡುಗಲೇ ಇಲ್ಲವಲ್ಲ! ಅವನು ಅಷ್ಟು ಉದ್ದದ ಗೆರೆ ಎಳೆಯಬೇಕಾದರೆ ಮೊದಲು ದಾರ ಹಿಡಿದು ಗುರುತು ಮಾಡಿಕೊಳ್ಳಬೇಕಿತ್ತು.

“ಹೂಂ, ಚೆನ್ನಾಗೈತೆ,” ಎಂದು ಫೋನು ವಾಪಸು ಕೊಟ್ಟ. ಆ ದಿನ ಕತ್ತರಿಸಿದ ರೇಡಿಯಂ ಹಾಳೆಯೆಲ್ಲ ಸೊಟ್ಟ ಹೋಯಿತು.

ಅದಕ್ಕೂ ಮೀರಿದ್ದು ಸಖರಾಯಪಟ್ಟಣದ ತೀರ್ಥಪ್ಪನ ಮಾತು. ನಂಬರ್ ಪ್ಲೇಟು ಬರೆಸಲು ಬಂದಿದ್ದ ಆ ಹಿರಿಯ, ಬೋರ್ಡಿನ ಹೆಸರನ್ನೂ ಪರಮೇಶನ ಮುಖವನ್ನೂ ಮತ್ತೆ ಮತ್ತೆ ನೋಡಿ, ಸಂತೋಷದಿಂದ ಕೇಳಿದ: “ತರೀಕೆರೆ ಗೋಡೆ ಬರ್ದವ್ರಲ್ಲ ಅನಿತಮ್ಮ, ಅವ್ರ ಯಜಮಾನ್ರು ನೀವೇನಾ?”

ಪರಮೇಶ ‘ಹೌದು’ ಎಂದದ್ದು ಅವನಿಗೇ ಕೇಳಿಸಲಿಲ್ಲ.

ಬೀದಿಯನ್ನು ಜನರಿಗೆ ತೆರೆಯುವ ಭಾನುವಾರ ಬಂತು. ಅನಿತಾ ಮಡಿಸಿಟ್ಟಿದ್ದ ಹಸಿರು ಸೀರೆ ಉಟ್ಟು ಬಾಗಿಲಲ್ಲಿ ನಿಂತು, “ನೀವೂ ಬನ್ರೀ. ಅವ್ವನೂ ಶಿವನಿಯಿಂದ ಬತ್ತಾಳೆ,” ಎಂದಳು.

“ಅಂಗಡಿ ಯಾರು ನಿಮ್ಮಪ್ಪ ನೋಡ್ಕೊತಾನಾ?”

ಅವಳು ಹೊರಟುಹೋದಳು. ಬಿಸಿಲು ಏರುವ ಹೊತ್ತಿಗೆ ಪರಮೇಶ ಅಂಗಡಿಯ ಬಾಗಿಲೆಳೆದು, ಕುಂಚಗಳ ಚೀಲವನ್ನು ರೂಢಿಯಂತೆ ಬೈಕಿಗೆ ಸಿಕ್ಕಿಸಿ ತರೀಕೆರೆ ದಾರಿ ಹಿಡಿದಿದ್ದ. ರೇಡಿಯಂ ಹಾಳೆ ತರಬೇಕಿತ್ತು ಎಂದು ಅಜ್ಮತ್‌ಗೆ ಹೇಳಿದ. ದಾರಿಯುದ್ದ ತನಗೂ ಅದನ್ನೇ ಹೇಳಿಕೊಂಡ.

ಹಳೇ ಸಂತೆ ಬೀದಿಯ ಗುರುತೇ ಸಿಗದಂತಾಗಿತ್ತು. ಗೋದಾಮಿನ ಗೋಡೆಯ ಮೇಲೆ ಕುರಿಮಂದೆ ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಹಿಟ್ಟಿನ ಗಿರಣಿಯ ಗೋಡೆಯಲ್ಲಿ ಒಬ್ಬಾಕೆ ತೆಂಗಿನ ಗರಿ ಹೆಣೆಯುತ್ತ ಕೂತಿದ್ದಳು. ಅವಳ ಕಾಲ ಹೆಬ್ಬೆರಳೇ ಒಂದು ಕಿಟಕಿಯಷ್ಟಿತ್ತು. ಬೀದಿಯ ಎರಡೂ ಕಡೆ ಚಪ್ಪರ. ದೇವನೂರಿನ ಚಿಕ್ಕಬೀರಪ್ಪ ಮಗ್ಗ ಹೂಡಿ ಕಂಬಳಿ ನೇಯುತ್ತಿದ್ದ. ತಾಂಡಾದ ಹೆಂಗಸರು ಕನ್ನಡಿ ಚೂರು ಕೂರಿಸಿದ ಚೀಲ ಹರಡಿಕೊಂಡಿದ್ದರು. ಶಿವಮೊಗ್ಗ, ಚಿಕ್ಕಮಗಳೂರಿನ ಕಡೆಯಿಂದ ಬಂದ ಜನ ಫೋನು ಎತ್ತಿ ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದರು.

ಪರಮೇಶ ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಒಂದೊಂದು ಗೋಡೆಯ ಮುಂದೆಯೂ ನಿಂತ. ಕುರಿಯ ಕಾಲು ಗಿಡ್ಡವಾಯಿತು. ಹೆಂಗಸಿನ ಕಣ್ಣು ಒಂದು ಮೇಲೆ, ಒಂದು ಕೆಳಗೆ. ಈ ನೀಲಿ ಒಂದು ಮಳೆಗಾಲ ತಡೆದರೆ ಹೆಚ್ಚು. ಹೀಗೆ ತಪ್ಪು ಹುಡುಕುತ್ತ ಹುಡುಕುತ್ತ ಅವನ ಎದೆ ಸ್ವಲ್ಪ ಹಗುರಾಯಿತು. ಇಷ್ಟೇ ತಾನೆ, ಇದಕ್ಕೇನಂತೆ ಇಷ್ಟು ಗದ್ದಲ, ಎಂದುಕೊಳ್ಳುತ್ತ ಬೀದಿಯ ತಿರುವಿಗೆ ಬಂದ.

ತಿರುವಿನಲ್ಲಿ ಮುಚ್ಚಿಹೋದ ಎಣ್ಣೆ ಮಿಲ್ಲಿನ ಗೋಡೆ. ಅಷ್ಟಕ್ಕೂ ಕೆಮ್ಮಣ್ಣು ಬಳಿದು, ಒಂದು ಹನಿ ಅಂಗಡಿಯ ಬಣ್ಣವಿಲ್ಲದೆ, ಬರೀ ಸುಣ್ಣದಲ್ಲಿ ಬರೆದದ್ದು. ನಡುವೆ ಮದುವೆಯ ಹಸೆ, ಬಾಸಿಂಗ ಕಟ್ಟಿದ ಗಂಡು ಹೆಣ್ಣು. ಹಸೆಯ ಅಂಚಿನ ಚೌಕಗಳು ಹಾಗೆಯೇ ಬಿಚ್ಚಿಕೊಂಡು ಹೋಗಿ ರೈಲಿನ ಡಬ್ಬಿಗಳಾಗಿದ್ದವು. ಕಿಟಕಿಕಿಟಕಿಯಲ್ಲೂ ಹೆಂಗಸರು, ಒಬ್ಬಳ ಮಡಿಲಲ್ಲಿ ಕೋಳಿ, ಒಬ್ಬಳ ತಲೆಯ ಮೇಲೆ ಮೊರ, ಒಬ್ಬಳು ಹಣಿಗೆ ಹಿಡಿದು ಮಗಳ ತಲೆ ಬಾಚುತ್ತಿದ್ದಾಳೆ. ದಿಬ್ಬಣವೇ ರೈಲು ಹತ್ತಿಕೊಂಡು ಶಿವನಿ ಬಿಟ್ಟು ಹೊರಟಂತಿತ್ತು. ಹಳಿಯ ಎರಡು ಗೆರೆ ಗೋಡೆಯ ಈ ತುದಿಯಿಂದ ಆ ತುದಿಗೆ ಎಲ್ಲೂ ತಡವರಿಸದೆ ಓಡಿದ್ದವು.

ಪರಮೇಶ ತಪ್ಪು ಹುಡುಕಿದ. ಹತ್ತಿರ ಹೋಗಿ ಹುಡುಕಿದ, ದೂರ ಬಂದು ಹುಡುಕಿದ. ಪಕ್ಕದಲ್ಲಿ ನಿಂತಿದ್ದ ಯಾರೋ, “ನೋಡ್ತಾ ಇದ್ರೆ ರೈಲು ಅಲ್ಲಾಡಿದಂಗೆ ಆಗುತ್ತಲ್ವಾ?” ಎಂದರು. ಅವನಿಗೂ ಹಾಗೆಯೇ ಆಗುತ್ತಿತ್ತು. ಅದೇ ಅವನ ಸಂಕಟ. ಚೆನ್ನಾಗಿಲ್ಲದಿದ್ದರೆ ಮನೆಗೆ ಹೋಗಿ ಹೆಂಡತಿಯ ಬೆನ್ನು ತಟ್ಟಿ ಸಮಾಧಾನ ಹೇಳಬಹುದಿತ್ತು. ಇಷ್ಟು ಚೆನ್ನಾಗಿರುವುದಕ್ಕೆ ಏನು ಹೇಳುವುದು?

ಗೋಡೆಯ ಇನ್ನೊಂದು ತುದಿಯಲ್ಲಿ ಅನಿತಾ ಜನರ ನಡುವೆ ನಿಂತಿದ್ದಳು. ಕಾಲೇಜು ಹುಡುಗಿಯರು ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಉದ್ದ ಕೂದಲಿನ ಹುಡುಗನೊಬ್ಬ ಅವಳಿಗೆ ಟೀ ತಂದು ಕೊಟ್ಟ. ಸಿದ್ದೇಶ್ ಅನ್ನುವವನು ಇವನೇ ಇರಬೇಕು. ಲೋಟ ತೆಗೆದುಕೊಂಡ ಅನಿತಾ ಗಂಡನನ್ನು ಕಂಡು ಕಣ್ಣರಳಿಸಿ ಓಡಿಬಂದಳು.

“ಬಂದ್ರಾ! ಬರಲ್ಲ ಅಂದ್ರಲ್ಲ!”

“ರೇಡಿಯಂ ತಗೊಳೋಕ್ ಬಂದಿದ್ದೆ.”

“ಹೆಂಗೈತ್ರೀ?” ಎಂದು ಗೋಡೆ ತೋರಿಸಿದಳು.

“ಪರವಾಗಿಲ್ಲ,” ಎಂದ ಪರಮೇಶ. “ಬಲಗಡೆ ಸ್ವಲ್ಪ ಖಾಲಿ ಬಿಟ್ಟಂಗಾಯ್ತು.”

ಅವಳ ಮುಖ ಬಾಡಿತು. ಅದನ್ನು ನೋಡಿ ಅವನಿಗೆ ಸುಖವಾಯಿತು. ಸುಖವಾಯಿತಲ್ಲ ಎಂದು ಕೂಡಲೇ ಕಸಿವಿಸಿಯೂ ಆಯಿತು.

ಅಷ್ಟರಲ್ಲಿ ಪ್ರಜ್ಞಾ ಧಾವಿಸಿ ಬಂದಳು. “ಸರ್, ದೇವರ ಹಾಗೆ ಬಂದ್ರಿ. ಕಲಾವಿದರ ಹೆಸರಿನ ಬೋರ್ಡು ಪ್ರಿಂಟಾಗಿ ಬರಲೇ ಇಲ್ಲ. ಪ್ರತಿ ಗೋಡೆ ಕೆಳಗೆ ಹೆಸರು, ಊರು ಬರೆದುಕೊಡ್ತೀರಾ? ಮಧ್ಯಾಹ್ನ ಕಾರ್ಯಕ್ರಮ ಇದೆ.”

ಪರಮೇಶ ಬೇಡವೆನ್ನಲಿಲ್ಲ. ಚೀಲದಿಂದ ಕುಂಚವನ್ನೂ ಕಪ್ಪು ಬಣ್ಣದ ಡಬ್ಬಿಯನ್ನೂ ತೆಗೆದ. ಕುರಿಮಂದೆಯ ಕೆಳಗೆ ಮೊದಲ ಹೆಸರು ಬರೆಯುವಾಗಲೇ ನಾಲ್ಕು ಜನ ನಿಂತರು. ಅಳತೆಪಟ್ಟಿಯಿಲ್ಲದೆ ಮುತ್ತು ಪೋಣಿಸಿದಂತೆ ಅಕ್ಷರ ಇಳಿಯುತ್ತಿದ್ದರೆ ಯಾರಿಗಾದರೂ ನೋಡಬೇಕೆನಿಸುತ್ತದೆ. “ಏನ್ ಕೈ ಮಾರಾಯ!” ಎಂದ ಚಿಕ್ಕಬೀರಪ್ಪ ಮಗ್ಗದ ಮೇಲಿಂದಲೇ. ಅನಿತಾ ಟೀ ತಂದು ಕೈಗಿಟ್ಟಳು. “ಇವ್ರು ನಮ್ಮನೆಯವ್ರು,” ಎಂದು ಹುಡುಗಿಯರಿಗೆ ಹೇಳಿದಳು, ಹೆಮ್ಮೆಯಿಂದಲೇ. ಆಮೇಲೆ ಅವ್ವನನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದಳು. ಆ ಒಂದು ತಾಸು ಪರಮೇಶನ ಉರಿ ತಣ್ಣಗಿತ್ತು.

ಕೊನೆಗೆ ಎಣ್ಣೆ ಮಿಲ್ಲಿನ ಗೋಡೆ. ಪ್ರಜ್ಞಾ ಹೇಳಿದಳು, “ಇಲ್ಲಿ ‘ಅನಿತಾ, ಶಿವನಿ’ ಅಂತ ಬರೀರಿ ಸರ್.”

“ಶಿವನಿ? ಅವಳು ಕಡೂರಿನವ್ಳು.”

“ಅಕ್ಕನೇ ಹಾಗೆ ಹೇಳಿದ್ರು. ಚಿತ್ರ ಅಲ್ಲಿಂದಲ್ವಾ ಬಂದಿದ್ದು,” ಎಂದು ಹುಡುಗಿ ಯಾರೋ ಕರೆದರೆಂದು ಓಡಿದಳು.

ಪರಮೇಶ ಕುಂಚ ಹಿಡಿದು ಕೂತ. ತಲೆಯ ಮೇಲೆ ಅಷ್ಟು ದೊಡ್ಡ ರೈಲು, ಅದರಲ್ಲಿ ಅಷ್ಟೊಂದು ಜನ. ಕೋಳಿಗೂ ಜಾಗವಿದೆ, ಮೊರಕ್ಕೂ ಜಾಗವಿದೆ. ತಾನು ಎಲ್ಲೂ ಇಲ್ಲ. ಊರಿನ ಹೆಸರಿನಲ್ಲೂ ಇಲ್ಲ. ಕೆಂಡ ಮತ್ತೆ ಹೊತ್ತಿಕೊಂಡಿತು. ‘ಅನಿತಾ ಪರಮೇಶ್, ಕಡೂರು’ ಎಂದು ಬರೆದ. ಅಷ್ಟಕ್ಕೆ ಸಾಕಾಗಬೇಕಿತ್ತು. ಕೈ ನಿಲ್ಲಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಇಳಿಯಿತು: ‘ಮಾರ್ಗದರ್ಶನ: ಆರ್ಟಿಸ್ಟ್ ಪರಮೇಶ್.’ ಇಡೀ ಬೀದಿಯಲ್ಲಿ ಬರೆದ ಅಕ್ಷರಗಳಲ್ಲಿ ಅವೇ ಎಲ್ಲಕ್ಕಿಂತ ಅಂದವಾಗಿ ಬಂದಿದ್ದವು.

ಕಾರ್ಯಕ್ರಮಕ್ಕೆ ಅತಿಥಿಯಾಗಿ ಬಂದವರು ಮಲ್ಲಿಕಾರ್ಜುನಯ್ಯ, ನಿವೃತ್ತ ಹೆಡ್‌ಮಾಸ್ಟರು. ಪ್ರತಿ ಗೋಡೆಯನ್ನೂ ನೋಡಿ, ಕೆಳಗಿನ ಹೆಸರನ್ನು ಕನ್ನಡಕ ಸರಿಪಡಿಸಿಕೊಂಡು ಓದಿಕೊಂಡೇ ವೇದಿಕೆಗೆ ಬಂದಿದ್ದರು. ಅನಿತಾ ತಾಯಿ ಅಂಬಮ್ಮನನ್ನು ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸುವುದಕ್ಕೂ ಅವರು ಮೈಕು ಹಿಡಿಯುವುದಕ್ಕೂ ಸರಿಹೋಯಿತು.

“ಎಲ್ಲ ಗೋಡೆಗಿಂತ ನನ್ನ ಮನಸ್ಸು ತುಂಬಿದ್ದು ಆ ಹಸೆಯ ಗೋಡೆ,” ಎಂದರು ಅವರು. “ಅದರ ಹಿಂದಿರುವ ಗುರುವನ್ನು ಮೊದಲು ಗೌರವಿಸಬೇಕು. ಹೆಂಡತಿಗೆ ವಿದ್ಯೆ ಕಲಿಸಿ ಮುಂದೆ ತಂದ ಪರಮೇಶ್ ಅವರು ವೇದಿಕೆಗೆ ಬರಬೇಕು.”

ಚಪ್ಪಾಳೆ ಬಿತ್ತು. ಯಾರೋ ಪರಮೇಶನ ತೋಳು ಹಿಡಿದು ಮೇಲಕ್ಕೆ ದೂಡಿದರು. ಮಲ್ಲಿಕಾರ್ಜುನಯ್ಯನವರು ಶಾಲು ಹೊದಿಸಿದರು. ಮೇಲಿನಿಂದ ನೋಡಿದರೆ ಅನಿತಾ ಕೈ ತಟ್ಟದೆ, ಅರ್ಥವಾಗದವಳ ಹಾಗೆ ಅವನನ್ನೇ ನೋಡುತ್ತಿದ್ದಳು. ಅವನು ಇಳಿದು ಬಂದಾಗ ಅಂಬಮ್ಮ ತನ್ನ ಪಕ್ಕದ ಕುರ್ಚಿಗೆ ಕರೆದು, ಸಡಗರದಿಂದ ಕೇಳಿದಳು:

“ಅಳಿಯಂದ್ರೆ, ನೀವು ಹಸೆ ಬರ್ಯೋದ್ನ ಯಾವಾಗ ಕಲ್ತ್ರಿ? ನಂಗೆ ಗೊತ್ತೇ ಇರ್ಲಿಲ್ಲ ನೋಡಿ!”

ಮುದುಕಿಯ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅವನೂ ಒಂದು ಕೊಂಕು ಆಡಿ ಪಾರಾಗುತ್ತಿದ್ದ. ಅವಳು ನಿಜವಾಗಿಯೂ ನಂಬಿದ್ದಳು. ಅನಿತಾ ಎದ್ದು ಗೋಡೆಯ ಹತ್ತಿರ ಹೋಗಿ, ಬಗ್ಗಿ ಓದಿ, ಹಿಂದಿರುಗಿ ಬಂದಳು. ಆಗಲೇ ಪ್ರಜ್ಞಾ ಅವಳ ಹೆಸರು ಕೂಗಿ ಮೈಕು ಕೊಟ್ಟಳು.

ಈಗ ಮಾನ ಹರಾಜು ಎಂದುಕೊಂಡ ಪರಮೇಶ.

“ನಂಗೆ ಭಾಷಣ ಬರಲ್ಲ,” ಎಂದಳು ಅನಿತಾ. “ಈ ಬೀದೀಲಿ ಹೆಸರುಗಳನ್ನೆಲ್ಲ ಬರ್ದಿರೋದು ನಮ್ಮನೆಯವ್ರು. ಅಕ್ಷರ ಅಂದ್ರೆ ಅವ್ರದ್ದೇ. ಹಸೆ ನಂಗೆ ಕಲ್ಸಿದ್ದು ನಮ್ಮವ್ವ. ಅಲ್ಲಿ ಕೂತವ್ಳೆ ನೋಡಿ. ಇಷ್ಟೇ.”

ಜನ ಅಂಬಮ್ಮನ ಕಡೆ ತಿರುಗಿ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಮಲ್ಲಿಕಾರ್ಜುನಯ್ಯನವರು ಗಲಿಬಿಲಿಯಿಂದ ಪರಮೇಶನನ್ನು ನೋಡಿದರು. ಹೆಂಡತಿ ಅವನನ್ನು ಬಯ್ದಿರಲಿಲ್ಲ, ಅವನ ಪಾಲಿನದನ್ನು ಅವನಿಗೆ ಕೊಟ್ಟಿದ್ದಳು. ಬಯ್ದಿದ್ದರೇ ಚೆನ್ನಾಗಿತ್ತು. ಹೆಗಲ ಮೇಲಿನ ಶಾಲು ಒದ್ದೆ ಕಂಬಳಿಯಂತೆ ಭಾರವಾಯಿತು. ತೆಗೆದು ಅತ್ತೆಯ ಹೆಗಲಿಗೆ ಹಾಕಹೋದ.

“ಅಯ್ಯೋ ನಂಗ್ಯಾಕಪ್ಪ ಈ ಸೆಕೇಲಿ,” ಎಂದು ಅಂಬಮ್ಮ ಅದನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು.

ಜನ ಊಟಕ್ಕೆ ಹೊರಟ ಮೇಲೆ ಪರಮೇಶ ಚಿಂದಿಗೆ ಸೀಮೆಎಣ್ಣೆ ಅದ್ದಿಕೊಂಡು ಗೋಡೆಯ ಮುಂದೆ ಕೂತ. ತಗಡಿನ ಬೋರ್ಡಾಗಿದ್ದರೆ ಒಂದು ಒರೆಸಿಗೆ ಹೋಗುತ್ತಿತ್ತು. ಇದು ಮಣ್ಣು. ಉಜ್ಜಿದಷ್ಟೂ ಕಪ್ಪು ಹರಡಿ ಹಳಿಯ ಬಿಳಿ ಗೆರೆಯನ್ನೇ ತಿನ್ನತೊಡಗಿತು. ತಾನು ಅಸೂಯೆಪಟ್ಟ ಆ ಗೆರೆ ಕೆಟ್ಟರೆ ತನಗೆ ಇಷ್ಟು ಭಯವಾಗುತ್ತದೆಂದು ಅವನು ತಿಳಿದಿರಲಿಲ್ಲ.

“ಉಜ್ಜಬೇಡಿ, ಬಿಡ್ರೀ,” ಎಂದು ಅನಿತಾ ಬಂದು ಪಕ್ಕದಲ್ಲಿ ಕೂತಳು. ಚಾಕುವಿನಿಂದ ಬಣ್ಣ ಕುಡಿದ ಮಣ್ಣನ್ನು ಮೆಲ್ಲಗೆ ಕೆರೆದು ತೆಗೆದಳು. ಅಂಬಮ್ಮ ಬಕೆಟ್ಟಿನಲ್ಲಿ ಕೆಮ್ಮಣ್ಣು ಕಲಸಿದಳು. ಪರಮೇಶ ಬಕೆಟ್ಟು ಹಿಡಿದುಕೊಂಡು ನಿಂತ. ತಾಯಿ ಮಗಳು ಮಣ್ಣು ಮೆತ್ತಿ, ಸವರಿ, ಹಳಿಯನ್ನು ಮತ್ತೆ ಕೂಡಿಸಿದರು. ಹೆಸರಿನ ಜಾಗ ಖಾಲಿ ಉಳಿಯಿತು. “ಒಣಗ್ಲಿ. ಮುಂದಿನ ವಾರ ಬರೆದ್ರಾಯ್ತು,” ಎಂದಳು ಅನಿತಾ, ಯಾರು ಬರೆಯಬೇಕೆಂದು ಹೇಳದೆ.

ಅಂಬಮ್ಮನನ್ನು ಬಸ್ಸು ಹತ್ತಿಸಿ ಇಬ್ಬರೂ ಬೈಕಿನಲ್ಲಿ ಹೊರಟರು. ಊರು ದಾಟಿದ ಮೇಲೆ ಹಿಂದಿನಿಂದ ಅವಳ ದನಿ ಬಂತು.

“ನನ್ನ ಕಂಡ್ರೆ ಹೊಟ್ಟೆಕಿಚ್ಚಾ ನಿಮ್ಗೆ?”

ಗಾಳಿಗೆ ಕೇಳಿಸಲಿಲ್ಲ ಎನ್ನಬಹುದಿತ್ತು. “ಹೂಂ,” ಎಂದ ಪರಮೇಶ.

ಬೀರೂರಿನ ರೈಲ್ವೆ ಗೇಟು ಹಾಕಿತ್ತು. ಗಾಡಿ ನಿಲ್ಲಿಸಿದಾಗ ಅವಳೇ ಅಂದಳು: “ನಂಗೂ ಆಗ್ತಿತ್ತು. ಮದುವೆಯಾದಾಗಿಂದ. ನಿಮ್ಮನ್ನ ಎಲ್ರೂ ಆರ್ಟಿಸ್ಟು ಆರ್ಟಿಸ್ಟು ಅನ್ನೋರು. ನಾನು ಬಾಗಿಲಿಗೆ ಬರ್ದಿದ್ದನ್ನ ನೀವು ಒಂದಿನಾನೂ ನಿಂತು ನೋಡ್ತಿರ್ಲಿಲ್ಲ. ಆದ್ರೆ ನಾನು ನಿಮ್ಮ ಬೋರ್ಡ್ ಮೇಲೆ ನನ್ನ ಹೆಸರು ಬರ್ಕೊಳ್ಳಿಲ್ಲ.”

ರೈಲು ಹೋಗುವ ತನಕ ಅವನು ಹಳಿಯನ್ನೇ ನೋಡುತ್ತಿದ್ದ. ಗೇಟು ಎದ್ದಿತು. “ಮುಂದಿನ ತಿಂಗ್ಳು ಚಿಕ್ಕಮಗಳೂರಲ್ಲಿ ಒಂದು ಗೋಡೆ ಐತಂತೆ. ಹೋಗ್ತೀನಿ ಅಂದಿದೀನಿ,” ಎಂದಳು. ಅವನೊಳಗೆ ಮತ್ತದೇ ಕಿಚ್ಚು ಎದ್ದಿತು, ಒಂದು ಚೂರೂ ಕಡಿಮೆಯಿಲ್ಲದೆ.

“ಯಾವ ಬಸ್ಸಿಗೆ?” ಎಂದಷ್ಟೇ ಕೇಳಿದ.

ಮರುವಾರ ಪರಮೇಶ ಒಬ್ಬನೇ ತರೀಕೆರೆಗೆ ಹೋದ. ಈ ಸಲ ಅಜ್ಮತ್‌ಗೆ ನೆಪ ಹೇಳಲಿಲ್ಲ. ಒಣಗಿದ ಮಣ್ಣಿನ ಮೇಲೆ ಸುಣ್ಣದಲ್ಲಿ, ಸಣ್ಣದಾಗಿ, ‘ಅನಿತಾ, ಶಿವನಿ’ ಎಂದು ಬರೆದ. ‘ವ’ ಬರೆದು ಮುಗಿಸುವಷ್ಟರಲ್ಲಿ ಬೆನ್ನ ಹಿಂದೆ ಒಬ್ಬಾಕೆ ಫೋನು ಹಿಡಿದು ನಿಂತು, “ಸ್ವಲ್ಪ ಈಚೆ ಬರ್ತೀರಾ? ಗೋಡೆ ಪೂರ್ತಿ ಬರಬೇಕು,” ಎಂದಳು.

ಅವನು ಕೊನೆಯ ‘ನಿ’ ಬರೆದು ಎದ್ದು ಈಚೆ ಸರಿದು ನಿಂತ. ಹೊಟ್ಟೆಯುರಿ ಇನ್ನೂ ಇತ್ತು. ಕುಂಚದಿಂದ ಚಪ್ಪಲಿಯ ಮೇಲೆ ಸುಣ್ಣ ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳದೆ, ಆಕೆ ಫೋಟೋ ತೆಗೆದು ಮುಗಿಸುವ ತನಕ ತಾನೂ ಆ ಗೋಡೆಯನ್ನು ನೋಡುತ್ತ ನಿಂತಿದ್ದ.